ಮೂವತ್ತೊಂದು ಮನೆಯ ಮಾಲೆ

ಜೂನ್ 12, 2017. ಬೆಳಿಗ್ಗೆ ಆರು

ಬೆರಳೆಲ್ಲ ಅಂಜೂರದ ಕಾಯಿಯ ಹಾಲು. ತುರಿಕೆ ಬೇರೆ. ನೂರಾ ನಲವತ್ತು ಮಾಲೆ ಮುಗಿಯಿತು, ಇನ್ನು ಎಂಬತ್ತು. ಮಾಲೆಗೆ ಏಳೇ ಕಾಯಿ, ಎಂಟಾದರೆ ಜೊಂಡು ಹರಿಯುತ್ತದೆ. ವಾರದಿಂದ ತೊಟ್ಟಿಯಲ್ಲಿ ನೆನೆಹಾಕಿದ್ದ ಜೊಂಡು, ಈ ಸಲ ದಾರದಂತೆ ಬಗ್ಗುತ್ತಿದೆ. ಹತ್ತು ಗಂಟೆಯೊಳಗೆ ನಮ್ಮದೂ ಸೇರಿ ಮೂವತ್ತೊಂದು ಮನೆಯ ಮರಕ್ಕೂ ಮುಟ್ಟಿಸಬೇಕು. ಬಿಸಿಲೇರಿದರೆ ನೊಣ ಹೊರಟುಬಿಡುತ್ತದೆ. ಓದಿದವರು ಅದನ್ನು ಕಣಜ ಅನ್ನುತ್ತಾರೆ. ಎಳ್ಳಿಗಿಂತ ಚಿಕ್ಕದು, ನಮಗೆ ನೊಣ.

ನಿನ್ನೆ ದೆಸ್ಪೋ ಅಜ್ಜಿಯ ಮನೆಗೆ ಅಥೆನ್ಸ್‌ನಿಂದ ಬಂದ ಹೊಸ ಸೊಸೆ ಕೇಳಿದಳು — "ತಿನ್ನೋಕಾಗದ ಕಾಯಿನ ತಿನ್ನೋ ಅಂಜೂರದ ಮರಕ್ಕೆ ಯಾಕೆ ಕಟ್ತೀರ?" ಹೇಳಿದೆ. ಇದು ಗಂಡು ಮರದ ಕಾಯಿ. ನೊಣ ಇದರೊಳಗೆ ಹುಟ್ಟುತ್ತದೆ, ಮೈಗೆ ಪರಾಗದ ಹುಡಿ ಮೆತ್ತಿಕೊಂಡು ಹೊರಬರುತ್ತದೆ, ಹೆಣ್ಣು ಮರದ ಕಾಯಿಯೊಳಗೆ ತೂರುತ್ತದೆ. ತೂರಿದರೆ ಕಾಯಿ ನಿಲ್ಲುತ್ತದೆ. ಇಲ್ಲದಿದ್ದರೆ ಜುಲೈ ಮೊದಲ ವಾರ ಹಳದಿಯಾಗಿ ಉದುರುತ್ತದೆ. "ಅಂದ್ರೆ ನಾನು ತಿನ್ನೋ ಹಣ್ಣೊಳಗೆ ನೊಣ ಇದ್ಯಾ?" — ಮುಖ ಕಿವುಚಿದಳು. ಅಜ್ಜಿ ನಕ್ಕಳು. "ಮದ್ವೆ ಮನೇಲಿ ಒಬ್ಬ ನೆಂಟ ಹೆಚ್ಚಾದ್ರೆ ಏನಾಯ್ತು? ತಿನ್ನು, ತಿನ್ನು."

ಊರಿನ ಗಂಡು ಮರ ಆರೂ ನನ್ನ ತೋಟದಲ್ಲೇ. ನನ್ನ ಅಜ್ಜಿ ಹಂಚಿದಳು, ಅಮ್ಮ ಹಂಚಿದಳು, ಈಗ ನಾನು. ಮಾಲೆಗೆ ದುಡ್ಡಿಲ್ಲ. ಥ್ಯಾಂಕ್ಸ್ ಕೂಡ ಹೇಳಬಾರದು, ಹೇಳಿದರೆ ನೊಣ ಮುನಿಯುತ್ತದೆ. ಮಾಲೆ ಕಟ್ಟಿ ಹಂಚುವ ಈ ಮೂರು ದಿನ ಮಾತ್ರ ಎವಿಯಾ ದ್ವೀಪದ ಈ ಮೂಲೆಯಲ್ಲಿ ನಾನೇ ರಾಣಿ. ಸುಳ್ಳು ಯಾಕೆ, ಇಷ್ಟವಾಗುತ್ತದೆ.

ಬೆಳಗಾಗುವ ಮೊದಲೇ ಪೋಲಿಖ್ರೋನಿಸ್ ಭಾವ ಬಂದು ನಿಂತ. ಗಂಡನ ಅಣ್ಣ, ಅಂಜೂರ ಸಂಘದ ಅಧ್ಯಕ್ಷ. ಯಾವುದೋ ಗೋಡೆಯ ಜಗಳಕ್ಕೆ ಹನ್ನೊಂದು ವರ್ಷದಿಂದ ತಮ್ಮನ ಜೊತೆ ಮಾತಿಲ್ಲ, ನನ್ನ ಜೊತೆ ಮಾತ್ರ ಬೇಕಾದಷ್ಟು.

"ಹೋದ ವರ್ಷ ಅರ್ಧ ಉದುರ್ತು ಜಾಂಬೆತಾ. ನಿನ್ನ ನೊಣಕ್ಕೂ ನಿನ್ನ ಹಾಗೇ ವಯಸ್ಸಾಯ್ತೇನೋ."

"ನಿಮ್ಮ ಮೀಸೆಗಿಂತ ಚಿಕ್ಕ ವಯಸ್ಸೇ ಬಿಡಿ ಭಾವ."

ಬಾಯಿ ಹಾಗಂದಿತು. ಅರ್ಧ ಉದುರಿದ್ದು ಮಾತ್ರ ನಿಜ.

ಮೊಣಕೈ ಮೇಲೆ ಇರುವೆ ಸಾಲು. ಸಣ್ಣವು, ಕಂದು. ಕಚ್ಚುವುದಿಲ್ಲ, ಪಾಪ. ಒರೆಸಿಕೊಂಡು ಮುಂದಿನ ಮಾಲೆಗೆ ಕೈಹಾಕಿದೆ.

ಜುಲೈ 5

ಟಪ್. ಟಪ್. ಟಪ್.

ಬೆಳಿಗ್ಗೆಯಿಂದ ಇದೇ ಸದ್ದು. ಹಳದಿ ಕಾಯಿ, ಹೆಬ್ಬೆರಳ ಗಾತ್ರ, ಒಳಗೆ ಬೆಂಡು. ನಮ್ಮ ತೋಟ, ದೆಸ್ಪೋ ಅಜ್ಜಿಯ ತೋಟ, ಭಾವನ ತೋಟ, ಎಲ್ಲ ಕಡೆ. ಅರ್ಧವಲ್ಲ, ಈ ಸಲ ಮುಕ್ಕಾಲು. ಊಟ ಇಳಿಯಲಿಲ್ಲ.

ಜುಲೈ 6

ಕಾಫಿ ಅಂಗಡಿಯಲ್ಲಿ ಸಭೆ. ಹೆಂಗಸರು ಒಳಗೆ ಕೂರುವ ರೂಢಿಯಿಲ್ಲ, ಬಾಗಿಲಲ್ಲಿ ನಿಂತು ಕೇಳಿದೆ. ಭಾವ ನನ್ನ ಕಡೆ ನೋಡದೆ ಹೇಳಿದ — "ಮುಂದಿನ ವರ್ಷವೂ ಹೀಗೇ ಆದ್ರೆ ಗಂಡು ಮರ ಕಡಿದು ಹಾಕೋಣ. ನೊಣಾನೇ ಬೇಡದ ಹೊಸ ತಳಿ ಬಂದಿದೆ. ಎಲ್ರೂ ಅದನ್ನೇ ನೆಡೋಣ." ಕೈ ಎತ್ತಿದರು. ಎಣಿಸಿದೆ, ಇಪ್ಪತ್ತೆರಡು ಕೈ. ಅದರಲ್ಲಿ ಇಪ್ಪತ್ತು ಕೈಗೆ ನಾನೇ ಮಾಲೆ ಕೊಟ್ಟವಳು.

ಮನೆಗೆ ಬಂದು ಗಂಡನ ಮೇಲೆ ಕೂಗಾಡಿದೆ. ಸರಾಂದಿಸ್ ಕೇಳಿಸುವ ಕಿವಿ ನನ್ನ ಕಡೆ ತಿರುಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು — "ಮರದ ಕೆಳಗೆ ಹೋಗಿ ಕೂತು ನೋಡಿದ್ಯಾ?"

ಇಲ್ಲ. ನಲವತ್ತು ವರ್ಷದಿಂದ ಕಿತ್ತಿದ್ದೇನೆ, ಪೋಣಿಸಿದ್ದೇನೆ, ಹಂಚಿದ್ದೇನೆ. ಕೂತು ನೋಡಿಲ್ಲ.

ಜುಲೈ 8. ಮಧ್ಯಾಹ್ನ

ನೋಡಿದೆ!

ಗಂಡು ಮರದ ಬಡಗಣ ಕೊಂಬೆಯಲ್ಲಿ ತಡವಾದ ಕಾಯಿ ನಾಲ್ಕಾರು ಉಳಿದಿದ್ದವು. ಏಣಿ ಹಾಕಿ, ಕನ್ನಡಕ ಹಾಕಿ, ಏಳರಿಂದ ಕೂತೆ. ಎಂಟೂವರೆಗೆ ಕಾಯಿಯ ತುದಿಯ ಕಣ್ಣು ಬಿರಿಯಿತು. ಮೊದಲ ನೊಣ ತಲೆ ಹಾಕಿತು, ಮೈಯೆಲ್ಲ ಹುಡಿ. ಕಣ್ಣಿನ ಸುತ್ತ ಆ ಸಣ್ಣ ಕಂದು ಇರುವೆಗಳು, ಹದಿನೈದು ಇಪ್ಪತ್ತು, ಬಾಗಿಲಲ್ಲೇ ಕಾದು ಕೂತಿವೆ. ಒಂದು ರೆಕ್ಕೆ ಹಿಡಿಯಿತು, ಇನ್ನೊಂದು ಕಾಲು. ಎಳೆದು, ತುಂಡು ಮಾಡಿ, ಸಾಲಿನಲ್ಲಿ ಹೊತ್ತು ನಡೆದವು. ಎರಡನೆಯದು ಬಂತು, ಅದಕ್ಕೂ ಅದೇ ಗತಿ. ಅರವತ್ತು ನೊಣ ಎಣಿಸಿದೆ. ಹಾರಿದ್ದು ಎರಡು.

ಕಚ್ಚುವುದಿಲ್ಲ ಪಾಪ ಅಂದಿದ್ದೆ. ಪಾಪವಂತೆ!

ನನ್ನ ನೊಣಕ್ಕೆ ವಯಸ್ಸಾಗಿಲ್ಲ. ಕೊಲೆಯಾಗುತ್ತಿದೆ. ಸಿಟ್ಟು ಬರುತ್ತಿದೆ, ಜೊತೆಗೆ ಒಳಗೆಲ್ಲೋ ಖುಷಿ. ತಪ್ಪು ನನ್ನ ಮರದ್ದಲ್ಲ.

ಜುಲೈ 9

ಸರಾಂದಿಸ್ ಗೂಡಿಗೆ ಕುದಿನೀರು ಹೊಯ್ದ. ಸಂಜೆ ನೋಡಿದರೆ ಒಂದು ಗೂಡಿದ್ದಲ್ಲಿ ಮೂರು. ಅಂಗಡಿಯ ಸ್ಪ್ರೇ ಹೊಡೆದೆವು. ಐದಾಯಿತು. ಖಾಲ್ಕಿದಾ ಪಟ್ಟಣದ ಕೃಷಿ ಕಚೇರಿಗೆ ಫೋನ್ ಮಾಡಿದೆ. ಫೋನ್ ತೆಗೆದ ಹುಡುಗಿ ಇರುವೆಯ ಬಣ್ಣ ಕೇಳಿದಳು, ಸಾಲು ಕೇಳಿದಳು, ಊರಿನ ಹೆಸರು ಬರೆದುಕೊಂಡಳು. "ಸ್ಪ್ರೇ ನಿಲ್ಸಿ. ನಾನೇ ಬರ್ತೀನಿ."

ಜುಲೈ 21

ಬಂದಳು. ಮಿರ್ಸಿನಿ, ಮೂವತ್ತೋ ಮೂವತ್ತೆರಡೋ. ಕಾರಿನ ತುಂಬ ಗಾಜಿನ ಟ್ಯೂಬು. ಕಾಫಿ ಮೂರು ಲೋಟ ಕುಡಿದಳು, ನನಗೆ ಹಿಡಿಸಿದಳು.

ಹೆಸರು ಅರ್ಜೆಂಟೀನಾ ಇರುವೆಯಂತೆ. ಹಡಗಿನಲ್ಲಿ, ಕುಂಡದ ಮಣ್ಣಿನಲ್ಲಿ ಬಂದದ್ದು. ಒಂದು ಬಿಳಿ ಬಟ್ಟಲಲ್ಲಿ ನಮ್ಮ ತೋಟದ ಇರುವೆ ಬಿಟ್ಟಳು, ಭಾವನ ತೋಟದ್ದು ಬಿಟ್ಟಳು, ಅಥೆನ್ಸ್‌ನಿಂದ ತಂದದ್ದನ್ನೂ ಬಿಟ್ಟಳು. ಬೇರೆ ಇರುವೆಯಾದರೆ ಕಚ್ಚಾಡಿ ಸಾಯುತ್ತಿದ್ದವಂತೆ. ಇವು ಮೀಸೆ ತಾಗಿಸಿಕೊಂಡು ಆರಾಮಾಗಿ ಓಡಾಡಿದವು.

"ಪೋರ್ಚುಗಲ್‌ನಿಂದ ಇಲ್ಲೀತನಕ ಹೆಚ್ಚೂ ಕಮ್ಮಿ ಒಂದೇ ಸಂಸಾರ, ಜಾಂಬೆತಮ್ಮ. ಗೂಡು ಗೂಡಿಗೆ ಜಗಳ ಇಲ್ಲ. ಒಂದೊಂದು ಗೂಡಲ್ಲಿ ಹತ್ತಾರು, ನೂರಾರು ರಾಣಿ. ಅದಕ್ಕೇ ಗೆಲ್ತಾವೆ."

"ಇಲ್ಲಿ ಅಣ್ಣ ತಮ್ಮ ಒಂದು ಗೋಡೆಗೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದಾರೆ, ತಾಯಿ."

ಮೇಲಿನ ಕಣದ ಕಡೆ ಹುಡುಕಿ, ಕಾಳು ಹೊರುವ ದೊಡ್ಡ ಕಪ್ಪಿರುವೆ ಒಂದನ್ನು ಹಿಡಿದು ಬಟ್ಟಲಿಗೆ ಬಿಟ್ಟಳು. ಸಣ್ಣವು ಮುತ್ತಿದವು, ಆರು ಕಾಲಿಗೆ ಆರಾರು ಮಂದಿ ಜೋತುಬಿದ್ದವು. ನೋಡಲಾಗದೆ ಮುಖ ತಿರುಗಿಸಿದೆ. ಆಗ ಹೊಳೆಯಿತು — ಕಣದಲ್ಲಿ ಕಪ್ಪಿರುವೆಯ ಸಾಲು ಕಂಡು ಮೂರು ವರ್ಷವಾಯಿತು. ಗೋಡೆಯ ಹಲ್ಲಿಗಳೂ ಕಡಿಮೆ. ಕೊಂಬೆಗೆ ಅಂಟಿದ ಬಿಳಿ ಮೇಣದ ಹುಳು ಮಾತ್ರ ಕಾವಲಿಟ್ಟು ಸಾಕಿದಂತೆ ಹೆಚ್ಚಿದೆ. ಸಾಕಿದಂತೆ ಅಲ್ಲ, ಸಾಕುವುದೇ ಅಂತೆ. ಆ ಹುಳು ಸೂಸುವ ಸಿಹಿ ಇವಕ್ಕೆ ಊಟ. ಇಷ್ಟೆಲ್ಲ ನಡೆಯುತ್ತಿದ್ದಾಗ ನಾನು ಯಾವ ಕಡೆ ನೋಡುತ್ತಿದ್ದೆನೋ.

ಜುಲೈ 22

ಮಿರ್ಸಿನಿ ಮನೆ ಮನೆ ತಿರುಗಿ ಊರಿನ ನಕ್ಷೆಗೆ ಕೆಂಪು ಚುಕ್ಕಿ ಇಟ್ಟಳು. ನಲವತ್ತಾರು ಮನೆಯಲ್ಲಿ ಮೂವತ್ತೊಂದಕ್ಕೆ ಇರುವೆ. ಹದಿನೈದಕ್ಕೆ ಇಲ್ಲ. "ಈ ಮೂವತ್ತೊಂದಕ್ಕೆ ಏನು ಸಂಬಂಧ? ರಸ್ತೆ ಬೇರೆ, ನೀರು ಬೇರೆ..."

ಮೂವತ್ತೊಂದೂ ನನ್ನ ಮಾಲೆ ಹೋಗುವ ಮನೆ. ಹೇಳಲಿಲ್ಲ. ಅವಳೇ ತೊಟ್ಟಿಯ ಹತ್ತಿರ ಹೋದಳು. ಪಕ್ಕದಲ್ಲಿ ಐದು ವರ್ಷದ ಹಿಂದೆ ತಂದ ನಿಂಬೆ ಕುಂಡ. ಅದಕ್ಕೆ ಒರಗಿಸಿಟ್ಟ ಒದ್ದೆ ಜೊಂಡಿನ ಕಂತೆ. ಕಂತೆ ಬಿಡಿಸಿದಳು. ನಡುವೆ ಬಿಳಿ ಮೊಟ್ಟೆ, ಮರಿ, ಹೊಳೆಯುವ ದೊಡ್ಡವು ಏಳು.

"ರಾಣಿಗಳು" ಅಂದಳು.

ಆಗಸ್ಟ್ 3

ಹನ್ನೆರಡು ದಿನ ಪುಸ್ತಕ ಮುಟ್ಟಲಿಲ್ಲ.

ನಾನೇ ಹೊತ್ತೆ. ಈ ಕೈಯಿಂದಲೇ. ಬುಟ್ಟಿಗೆ ಒದ್ದೆ ಜೊಂಡು ಹಾಸಿ, ಮಾಲೆ ಮಲಗಿಸಿ, ಮೂವತ್ತೊಂದು ಮನೆಗೆ ರಾಣಿಯರ ಮೆರವಣಿಗೆ ಮಾಡಿದೆ. ಯಾರೂ ಥ್ಯಾಂಕ್ಸ್ ಹೇಳದ್ದು ಒಳ್ಳೆಯದೇ ಆಯಿತು. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅನ್ನುತ್ತಾರಲ್ಲ. ಹೆಮ್ಮೆಯನ್ನು ಬಿಚ್ಚಿದರೂ ಅಷ್ಟೇ.

ಮಿರ್ಸಿನಿ ಯಾರಿಗೂ ಹೇಳಿಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮದ್ದಿದೆ ಅನ್ನುತ್ತಾಳೆ, ಅದಕ್ಕೆ ಮೂವತ್ತೊಂದು ಮನೆಯೂ ಒಂದೇ ದಿನ ಶುರು ಮಾಡಬೇಕು, ಒಂದು ಮನೆ ಬಿಟ್ಟರೂ ಅಲ್ಲಿಂದ ಮತ್ತೆ ಹರಡುತ್ತದೆ. ಯಾಕೆ ಈ ಮೂವತ್ತೊಂದೇ ಅಂತ ಕೇಳದೆ ಇರುತ್ತಾರೆಯೇ ನಮ್ಮವರು? ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇನೆ, ನಿಜ ಹೇಳಿದರೆ ಮರ ನಾಳೆಯೇ ಬೀಳುತ್ತದೆ.

ಆಗಸ್ಟ್ 4

ಹೇಳಿದೆ.

ಕಾಫಿ ಅಂಗಡಿಯ ಒಳಗೇ ಹೋದೆ. ಕುರ್ಚಿ ಎಳೆದು ಕೂತೆ. ಪಗಡೆ ನಿಂತಿತು. ಎಲ್ಲ ಹೇಳಿದೆ — ಜೊಂಡು, ಕಂತೆ, ರಾಣಿ, ಬುಟ್ಟಿ. "ಇರುವೇನ ನಿಮ್ಮನೆಗೆ ತಂದೋಳು ನಾನು. ಬೈಯೋದಿದ್ರೆ ಬೈರಿ. ಆಮೇಲೆ ನಾನು ಹೇಳಿದ್ದು ಮಾಡಿ."

ಭಾವನ ಮುಖ ಅರಳಿತು. "ಕೇಳಿದ್ರಾ! ಊರಿಗೆ ಉಪಕಾರಿ ಅಂತ ಮೆರೀತಿದ್ಲು—"

ದೆಸ್ಪೋ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು, ಎಂಬತ್ತೆಂಟು ವರ್ಷ. "ಬಾಯ್ಮುಚ್ಚೋ ಪೋಲಿಖ್ರೋನಿ. ನಿನಗೆ ಐವತ್ತು ವರ್ಷ ಅಂಜೂರ ತಿನ್ನಿಸಿದ್ದು ಯಾರ ಮನೆ ಮಾಲೆ? ತಪ್ಪು ಒಪ್ಕೊಂಡು ಈ ಅಂಗಡೀಲಿ ಇದುವರೆಗೂ ಯಾವ ಗಂಡಸಾದ್ರೂ ಕೂತಿದ್ದಾನಾ? ನಾನಂತೂ ನೋಡಿಲ್ಲ." ಆಮೇಲೆ ನನಗೆ — "ಏನ್ಮಾಡ್ಬೇಕು ಹೇಳೇ."

ಬೆರಳು ಮಡಚಿ ಎಣಿಸುತ್ತ ಹೇಳಿದೆ. ಒಂದು, ಹತ್ತು ದಿನ ತರಕಾರಿ ತೋಟಕ್ಕೆ ನೀರು ಬಂದ್. ಈ ಇರುವೆಗೆ ತಂಪು ಬೇಕು, ಬಾಯಾರಿದರೆ ನಾವು ಇಟ್ಟದ್ದನ್ನೇ ಕುಡಿಯುತ್ತದೆ. ಎರಡು, ಸಕ್ಕರೆ ನೀರಿಗೆ ಚಿಟಿಕೆ ಬೋರಿಕ್ ಪೌಡರ್. ಚಿಟಿಕೆಯೇ. ಕುಡಿದವಳು ಅಲ್ಲೇ ಸಾಯಬಾರದು, ಗೂಡಿಗೆ ಹೋಗಿ ರಾಣಿಗೆ ಉಣಿಸಿ ಸಾಯಬೇಕು.

"ಆಗಸ್ಟ್‌ನಲ್ಲಿ ನನ್ನ ಟೊಮೇಟೊಗೆ ನೀರಿಲ್ವಾ?" ಅಂದ ಭಾವ.

"ಟೊಮೇಟೊ ನಾನು ತಂದ್ಕೊಡ್ತೀನಿ, ಡಬ್ಬೀದು."

ನಕ್ಕರು. ನಗು ಬಂದರೆ ನಮ್ಮವರು ಅರ್ಧ ಒಪ್ಪಿದ ಹಾಗೆ.

ಆಗಸ್ಟ್ 10

ಸಕ್ಕರೆ ನೀರು ಬಿಸಿಲಿಗೆ ಆರಿಹೋಗುತ್ತದೆ. ನೀರು ಹೀರುವ ಹರಳಿಗೆ ನೆನೆಸಿಡಿ ಅಂದಳು ಮಿರ್ಸಿನಿ, ಹೂಕುಂಡಕ್ಕೆ ಹಾಕುವಂಥದ್ದು. ಎಲ್ಲೂ ಸಿಗಲಿಲ್ಲ. ಮಗುವಿನ ಡೈಪರ್ ಒಳಗೂ ಅದೇ ಇರುತ್ತದೆ ಅಂತ ನೆನಪಾಯಿತು. ಅಂಗಡಿಯಲ್ಲಿ ಒಂಬತ್ತು ಪ್ಯಾಕೆಟ್ ಕೇಳಿದೆ. ಅಂಗಡಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಜಾಂಬೆತಾ... ಸರಾಂದಿಸ್ ಅಷ್ಟು ಗಟ್ಟಿಗನಾ?" ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಸರಾಂದಿಸ್ ಎರಡು ದಿನದಿಂದ ಎದೆಯುಬ್ಬಿಸಿ ನಡೆಯುತ್ತಿದ್ದಾನೆ.

ನಮ್ಮ ಅಂಗಳದಲ್ಲಿ ಹನ್ನೊಂದು ಹೆಂಗಸರು ಡೈಪರ್ ಹರಿದು ಕೂತರು. ಸಾರ್ಡೀನ್ ಮೀನಿನ ಡಬ್ಬಿಗೆ ಇರುವೆ ತೂರುವಷ್ಟೇ ತೂತು, ಜೇನ್ನೊಣ ತೂರಬಾರದು. ಈ ವಾರ ಊರೆಲ್ಲ ಸಾರ್ಡೀನ್ ಊಟ.

ಆಗಸ್ಟ್ 14

ಮೂವತ್ತೊಂದು ಮನೆ, ನಾನೂರು ಡಬ್ಬಿ, ಒಂದೇ ಬೆಳಿಗ್ಗೆ. ಏಳಕ್ಕೆ ಚರ್ಚಿನ ಗಂಟೆ ಬಾರಿಸಿದರು, ಎಲ್ಲರೂ ಒಟ್ಟಿಗೆ ಇಟ್ಟರು. ನಮ್ಮೂರಿನವರು ಮದುವೆಗೂ ಒಂದೇ ಹೊತ್ತಿಗೆ ಬಂದವರಲ್ಲ. ಏಳೂಕಾಲಕ್ಕೆ ಡಬ್ಬಿಯ ಸುತ್ತ ಕಂದು ಸಾಲು. "ಕುಡೀರಮ್ಮ, ಮನೆಗೂ ತಗೊಂಡ್ಹೋಗಿ" ಅಂದೆ.

ಆಗಸ್ಟ್ 17

ಭಾವ ಕರೆದು ತೋರಿಸಿದ. ಅವನ ಡಬ್ಬಿಗಳ ಸುತ್ತ ಸತ್ತ ಇರುವೆಯ ರಾಶಿ. "ನಿನ್ನ ಡಬ್ಬೀಲಿ ಒಂದೂ ಸತ್ತಿಲ್ಲ. ನಾನು ಪೌಡರ್ ಮೂರು ಪಟ್ಟು ಹಾಕ್ದೆ. ಗಂಡಸ್ರ ಕೆಲಸ ಹೀಗಿರ್ಬೇಕು."

"ಭಾವ, ಉಪ್ಪು ಮೂರು ಪಟ್ಟು ಹಾಕಿದ್ರೆ ಸಾರು ಮೂರು ಪಟ್ಟು ರುಚಿಯಾಗತ್ತಾ?"

ಮಿರ್ಸಿನಿಗೆ ಫೋನ್ ಮಾಡಿ ಗೋಳಾಡಿದೆ. ನಮ್ಮ ಡಬ್ಬಿಯ ಸಾಲು ಮೊದಲಿಗಿಂತ ದಪ್ಪವಾಗಿದೆ. ಹೆದರಿಕೆ. "ದಪ್ಪ ಆದ್ರೆ ಒಳ್ಳೇದು. ಕಾಯಿರಿ" ಅಂದಳು. ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ, ಆದರೂ ಕಾಯುತ್ತೇನೆ.

ಆಗಸ್ಟ್ 29

ಸಾಲು ತೆಳುವಾಯಿತು. ಬೆಳಿಗ್ಗೆ ಒಂದು ಡಬ್ಬಿಗೆ ಮೂರೇ ಇರುವೆ ಬಂದವು, ಅವೂ ದಾರಿ ತಪ್ಪಿದವರ ಹಾಗೆ. ತೊಟ್ಟಿಯ ಹತ್ತಿರ ಅಗೆದೆ. ಗೂಡು ಖಾಲಿ. ಖಾಲಿ! ನಿಜವಾಗಿಯೂ ಕುಣಿದೆ, ಈ ವಯಸ್ಸಿನಲ್ಲಿ, ಸಲಿಕೆ ಹಿಡಿದು. ಸರಾಂದಿಸ್ ಚಪ್ಪಾಳೆ ತಟ್ಟಿದ.

ಭಾವನ ತೋಟದಲ್ಲಿ ಸಾಲು ಮೊದಲಿನಂತೆಯೇ ಇದೆಯಂತೆ. ಕೂಲಿಗಳು ಸತ್ತರು, ರಾಣಿಯರು ಒಳಗೆ ಸುಖವಾಗಿದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ.

ಸೆಪ್ಟೆಂಬರ್ 6

ಸಂಜೆ ನಾಲ್ಕಕ್ಕೆ ಗೇಟಿನ ಸದ್ದು. ಭಾವ. ಟೋಪಿ ಕೈಯಲ್ಲಿ. ನನ್ನನ್ನು ದಾಟಿ ಸೀದಾ ಸರಾಂದಿಸ್ ಎದುರು ನಿಂತ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು —

"ನಿನ್ನ ಹೆಂಡ್ತಿ ಹಾಕೋ ಚಿಟಿಕೆ ಎಷ್ಟು ದೊಡ್ಡದು?"

ಸರಾಂದಿಸ್ ಬೇಕೆಂದೇ ಕೆಪ್ಪ ಕಿವಿ ತಿರುಗಿಸಿದ. ಭಾವ ಮತ್ತೆ, ಇನ್ನೂ ಜೋರಾಗಿ ಕೇಳಬೇಕಾಯಿತು. ಆಮೇಲೆ ಇಬ್ಬರೂ ದ್ರಾಕ್ಷಿಯ ಚಿಪುರೊ ಸಾರಾಯಿ ಕುಡಿದರು, ಗೋಡೆಯ ಮಾತೇ ಇಲ್ಲ. ನಾನು ಅವನ ನಲವತ್ತು ಡಬ್ಬಿಯನ್ನೂ ಹೊಸದಾಗಿ ತುಂಬಿಸಿಕೊಟ್ಟೆ. ಗೆದ್ದ ಖುಷಿ ಇಷ್ಟು ಸಿಹಿ ಅಂತ ಗೊತ್ತಿರಲಿಲ್ಲ. ಆದರೆ ಮರದ ತೀರ್ಮಾನ ಹಾಗೇ ಇದೆ. "ಅದು ಜುಲೈನಲ್ಲಿ ನೋಡೋಣ" ಅಂದು ಹೋದ.

ಏಪ್ರಿಲ್ 19, 2018

ಚಳಿಗಾಲದಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಎರಡನೇ ಸುತ್ತು ಡಬ್ಬಿ ಇಟ್ಟೆವು. ಮೂವತ್ತೊಂದರಲ್ಲಿ ಇಪ್ಪತ್ತೆಂಟು ಮನೆ ಶುದ್ಧ. ಉಳಿದ ಮೂರರಲ್ಲಿ ಒಂದಿಷ್ಟು ಸಾಲು. "ಮುಗೀತು ಅಂತ ಯಾವತ್ತೂ ಹೇಳ್ಬೇಡಿ" ಅನ್ನುತ್ತಾಳೆ ಮಿರ್ಸಿನಿ. ಹೇಳುವುದಿಲ್ಲ.

ಇವತ್ತು ಸೊಪ್ಪು ಕೀಳಲು ಮೇಲಿನ ಕಣಕ್ಕೆ ಹೋಗಿದ್ದೆ. ಕಲ್ಲಿನ ಸಂದಿಯಿಂದ ದೊಡ್ಡ ಕಪ್ಪಿರುವೆಗಳು, ಒಂದರ ಹಿಂದೆ ಒಂದು, ತಲೆಯ ಮೇಲೆ ಕಾಳು. ಕೂತುಬಿಟ್ಟೆ. ಸೊಪ್ಪು ಮರೆತೆ. ಇರುವೆ ನೋಡಿ ಕಣ್ಣಲ್ಲಿ ನೀರು ಬಂತು ಅಂದರೆ ಯಾರು ನಂಬುತ್ತಾರೆ?

ಜೂನ್ 11. ಬೆಳಿಗ್ಗೆ ಹತ್ತೂವರೆ

ಇನ್ನೂರಾ ಇಪ್ಪತ್ತು ಮಾಲೆ. ಜೊಂಡಿಲ್ಲ, ಒಣ ನೂಲು. ಹಳೆಯ ಹೆಂಗಸರು ಗೊಣಗಿದರು. ಗೊಣಗಲಿ. ಬುಟ್ಟಿ ಬಿಸಿಲಲ್ಲಿ ಒಣಗಿಸಿ, ಕೊಡವಿ, ಒಂದೊಂದು ಕಾಯಿ ತಿರುಗಿಸಿ ನೋಡಿ ಕೊಟ್ಟೆ.

ಒಂದು ಕಾಯಿ ಅಂಗೈಯಲ್ಲಿಟ್ಟು ಕಾದೆ. ಕಣ್ಣು ಬಿರಿಯಿತು. ಒಂದು, ಎರಡು, ಹತ್ತು... ಆಮೇಲೆ ಎಣಿಕೆಗೆ ಸಿಗಲಿಲ್ಲ. ಜರಡಿ ಹಿಡಿದಾಗ ಹಿಟ್ಟು ಹಾರಿದಂತೆ ಹೊರಟವು, ಬಾಗಿಲಲ್ಲಿ ತಡೆಯುವವರೇ ಇಲ್ಲ. ಹೋಗಿ, ಹೋಗಿ ಅಂತ ಗಟ್ಟಿಯಾಗಿ ಕೂಗಿದೆ.

ಜೂನ್ 30

ನಿದ್ದೆ ಬರುತ್ತಿಲ್ಲ. ಕಾಯಿ ಹಸಿರಾಗಿವೆ. ಹೋದ ವರ್ಷವೂ ಈ ದಿನಕ್ಕೆ ಹಸಿರಾಗಿದ್ದವು. ಸಂಘದವರು ಭಾನುವಾರ ಎಂಟನೇ ತಾರೀಕು ತೀರ್ಮಾನ ಅಂದಿದ್ದಾರೆ.

ಜುಲೈ 5

ಟಪ್ ಅನ್ನುವ ಸದ್ದಿಲ್ಲ. ನನಗೂ ಕಿವಿ ಹೋಯಿತೇ ಅಂತ ಸರಾಂದಿಸ್‌ನನ್ನು ಕೇಳಿದೆ.

ಜುಲೈ 8, ಭಾನುವಾರ. ಬೆಳಿಗ್ಗೆ ಒಂಬತ್ತೂವರೆ. ಏಣಿಯ ಮೇಲೆ

ಪುಸ್ತಕ ಏಪ್ರನ್ ಜೇಬಿನಲ್ಲೇ ಇತ್ತು. ಕೆಳಗೆ ಅರ್ಧ ಊರು.

ಸಂಘದವರು ಮೂರು ದಿನದಿಂದ ಒಂದೊಂದು ತೋಟದ ಒಂದೊಂದು ಮರದಡಿ ಬಿಳಿ ಹಾಸು ಹಾಸಿದ್ದರು. ನಮ್ಮ ಹಾಸಿನ ಮೇಲೆ ಬಿದ್ದದ್ದು ಹನ್ನೊಂದು ಕಾಯಿ. ಅಜ್ಜಿಯ ತೋಟದಲ್ಲಿ ಒಂಬತ್ತು. ಭಾವನ ತೋಟದಲ್ಲಿ ಹದಿನಾಲ್ಕು, ಅದರಲ್ಲಿ ನಾಲ್ಕು ಅವನೇ ಅನುಮಾನಕ್ಕೆ ಕಿತ್ತದ್ದು. ಒಂದನ್ನು ಎಲ್ಲರೆದುರು ಸೀಳಿದ. ತುಂಬ ಬೀಜ. ಹಲ್ಲಲ್ಲಿ ಕಡಿದ, ಕರುಂ ಅಂದದ್ದು ಇಲ್ಲಿಗೂ ಕೇಳಿಸಿತು.

"ಗಂಡು ಮರ ಕಡೀಬೇಕು ಅಂದೋನು ಯಾವನೋ?" ಅಂದ.

"ನೀವೇ ಭಾವ!"

"ನಾನಾ? ಅವತ್ತು ಕುಡಿದಿದ್ದೆ. ಕೈ ಎತ್ತಿರೋ, ಮರ ಉಳೀಬೇಕು ಅನ್ನೋರು."

ಮೇಲಿಂದ ನೋಡಿದರೆ ಬರೀ ಕೈಗಳೇ ಕಾಣುತ್ತವೆ. ದೆಸ್ಪೋ ಅಜ್ಜಿ ಕೋಲೂ ಎತ್ತಿದ್ದಾಳೆ. ಅಳು ಬಂತು, ಎಲೆಯ ಮರೆಯಲ್ಲಿ ಅತ್ತೆ, ಮೂಗು ಒರೆಸಿಕೊಂಡೆ. ನನ್ನ ಅಜ್ಜಿಯ ಮರ ಉಳಿಯಿತು. ನಾನು ಉಳಿಸಿದೆ. ಬರೆಯುತ್ತೇನೆ, ನಾಚಿಕೆ ಯಾಕೆ — ನಾನು ಉಳಿಸಿದೆ.

ಒಂದು ಕೊಂಬೆಯಾದರೂ ಎಣಿಸಿ ಹೇಳು, ಮಿರ್ಸಿನಿ ಫೋನಿನಲ್ಲಿ ಕಾಯುತ್ತಿದ್ದಾಳೆ ಅನ್ನುತ್ತಿದ್ದಾರೆ. ಎಣಿಸುತ್ತಿದ್ದೇನೆ. ಐವತ್ತೆರಡು. ಐವತ್ತಮೂರು. ಈ ಎಲೆಯ ಹಿಂದೆ ಇನ್ನೂ ನಾಲ್ಕು, ಐವತ್ತೇಳು. ಸರಾಂದಿಸ್, ಏಣಿ ಅಲ್ಲಾಡಿಸಬೇಡ. "ಎಷ್ಟಾಯ್ತೇ?" ಅಂತ ಕೆಳಗಿನಿಂದ. ಸುಮ್ಮನಿರ್ರೋ, ತಪ್ಪಿಹೋಗತ್ತೆ. ಐವತ್ತೆಂಟು, ಐವತ್ತೊಂಬತ್ತು, ಅರವ—